ಹೊಟ್ಟೆ ಸಣ್ಣದಾಯ್ತು, ಹಾರ್ಟಿನ ಗುಳಿಗೆ ಹಳೇದೇ ಇತ್ತು

ಇವತ್ತಿನದು ನಮ್ಮ ಮನೆಯದೇ ಕಥೆ. ದೊಡ್ಡಪ್ಪನನ್ನ ಕೇಳಿಯೇ ಹೇಳ್ತಿದ್ದೀನಿ. "ನನ್ನ ಹೆಸರು ಬ್ಯಾಡ, ಉಳಿದಿದ್ದೆಲ್ಲಾ ಹೇಳು" ಅಂದಾರ.

ಊರು ವಳಕಮದಿನ್ನಿ, ರಾಯಚೂರು ಜಿಲ್ಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯೋರಿಗೆ ಏಪ್ರಿಲ್ ಬಿಸಿಲು ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಅಂಥ ಒಂದು ಏಪ್ರಿಲ್ ಬೆಳಿಗ್ಗೆ ದೊಡ್ಡಪ್ಪ ಕಟ್ಟೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟವರು ಅಂಗಳದಾಗ ಕುಸಿದು ಬಿದ್ರು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ತೂಕ ಇಳಿಸೋ ಆಪರೇಷನ್ ಆಗಿ ಐದು ವಾರ ಆಗಿತ್ತು. ಎಲ್ಲರೂ ಹಾರ್ಟ್ ಅಟ್ಯಾಕ್ ಅಂತಾನೇ ಅಂದ್ಕೊಂಡ್ವಿ.

ಆಸ್ಪತ್ರೆ ಬಾಗಿಲಲ್ಲಿ ಡಾಕ್ಟರು "ಏನಾಗಿತ್ತು ಮೊದಲು?" ಅಂತ ಕೇಳಿದ್ರೆ ನಮ್ಮ ಅಣ್ಣ ಗಾಬರೀಲಿ "ಬೈಪಾಸ್ ಆಗೇತ್ರೀ" ಅಂದ. ಡಾಕ್ಟರು ಅಂಗಿ ಬಿಚ್ಚಿಸಿ ಎದೆ ಮೇಲೆ ಹೊಲಿಗೆ ಹುಡುಕಿದ್ರು. ಸಿಗಲಿಲ್ಲ. ಯಾಕಂದ್ರೆ ಆಗಿದ್ದು ಗ್ಯಾಸ್ಟ್ರಿಕ್ ಬೈಪಾಸ್, ಹೊಟ್ಟೆದು. ಈಗ ನಗು ಬರ್ತದ, ಅವತ್ತು ಬರಲಿಲ್ಲ. ನಿಮ್ಮ ಮನೇಲಿ ಯಾರಿಗಾದ್ರೂ ಇದು ಆಗಿದ್ರೆ 'ಬೈಪಾಸ್' ಅಂತಷ್ಟೇ ಹೇಳಬೇಡಿ, 'ಹೊಟ್ಟೆಯ ಬೈಪಾಸ್' ಅಂತ ಪೂರ್ತಿ ಹೇಳಿ.

ಇಸಿಜಿ ಹೊಸದೇನೂ ತೋರಿಸಲಿಲ್ಲ. ಬಿಪಿ 88/56. ನಾಡಿ ನಿಧಾನ. ಡಾಕ್ಟರು "ಗುಳಿಗೆ ಚೀಲ ತಂದೀರೇನು?" ಅಂದ್ರು. ಆ ಪ್ಲಾಸ್ಟಿಕ್ ಚೀಲವನ್ನ ಟೇಬಲ್ ಮೇಲೆ ಸುರಿದಾಗ ಒಂದಲ್ಲ, ಮೂರು ತಪ್ಪು ಹೊರಗೆ ಬಿದ್ದವು.

ಅದಕ್ಕೆ ಮೊದಲು ಹೊಟ್ಟೆ ಒಳಗೆ ಏನಾಗಿರುತ್ತೆ ಅಂತ ಸ್ವಲ್ಪ ತಿಳ್ಕೊಳ್ಳೋಣ. ಇದು ಕೊಬ್ಬು ಹೀರಿ ತೆಗೆಯೋ ಲೈಪೋಸಕ್ಷನ್ ಅಲ್ಲ, ಅದೇ ಬೇರೆ. ಇದರಲ್ಲಿ ಹೆಚ್ಚು ನಡೆಯೋದು ಎರಡು ವಿಧ. ಒಂದು ಸ್ಲೀವ್: ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದು ಬಾಳೆಹಣ್ಣಿನಂಥ ಕೊಳವೆ ಉಳಿಸ್ತಾರೆ. ಇನ್ನೊಂದು ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯೋ ಪುಟ್ಟ ಚೀಲ ಮಾಡಿ, ಅದನ್ನ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸ್ತಾರೆ. 30 ಮಿಲಿ ಅಂದ್ರೆ ಎರಡು ದೊಡ್ಡ ಚಮಚ ನೀರು, ಅಷ್ಟೇ. ನಡುವಿನ ಕರುಳಿಗೆ ಊಟ ಹೋಗೋದೇ ಇಲ್ಲ. ನಾವು ನುಂಗೋ ಬಹಳಷ್ಟು ಗುಳಿಗೆಗಳು ರಕ್ತಕ್ಕೆ ಸೇರೋದು ಸಣ್ಣ ಕರುಳಿನಲ್ಲೇ. ಅಂದ್ರೆ ಗುಳಿಗೆ ಅದೇ, ಡೋಸ್ ಅದೇ, ಅದು ಓಡಾಡೋ ದಾರಿ ಮಾತ್ರ ಬೇರೆ ಆಗಿರ್ತದೆ. ಮೇಲೆ ತೂಕಾನೂ ವಾರವಾರಕ್ಕೆ ಇಳೀತಿರ್ತದೆ.

ಈಗ ಚೀಲಕ್ಕೆ ಬರೋಣ.

ಮೊದಲನೇದು ಟೆಲ್ಮಿಸಾರ್ಟಾನ್-ಎಚ್. ಬಿಪಿ ಇರೋ ಮನೆಗಳಲ್ಲಿ ಇದು ಉಪ್ಪಿನಕಾಯಿ ಡಬ್ಬಿ ಪಕ್ಕದಲ್ಲೇ ಇರ್ತದೆ. ಹೆಸರಿನ ಕೊನೆಯ 'ಎಚ್' ಏನು ಅಂತ ನಮ್ಮನೇಲಿ ಯಾರೂ ಕೇಳಿರಲಿಲ್ಲ. ಅದು ಹೈಡ್ರೋಕ್ಲೋರೋಥಯಜೈಡ್, ಅಂದ್ರೆ ದೇಹದ ಉಪ್ಪು-ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಗುಳಿಗೆ. ಆಪರೇಷನ್ ಆದವರು ಒಂದೇ ಸಲಕ್ಕೆ ಚೊಂಬು ನೀರು ಕುಡಿಯೋಕೆ ಆಗಲ್ಲ. ಗುಟುಕು ಗುಟುಕಾಗಿ, ಊಟದ ಜೊತೆ ಅಲ್ಲದೆ, ದಿನವಿಡೀ ಕುಡೀಬೇಕು. ದೊಡ್ಡಪ್ಪ ಕುಡೀತಿದ್ದದ್ದೇ ಕಡಿಮೆ. ಅದರಾಗ ನಮ್ಮ ಬಿಸಿಲು, ಬೆವರು. ಅದರ ಮೇಲೆ ನೀರು ತೆಗೆಯೋ ಗುಳಿಗೆ. ಬಿಪಿ ಕುಸೀದೇ ಇನ್ನೇನಾಗ್ತದೆ?

ಇನ್ನೊಂದು ವಿಷಯ. ಈ ಆಪರೇಷನ್ ಆದ ಮೇಲೆ ಬಿಪಿ ತಾನಾಗಿಯೇ ಇಳಿಯೋದು ಮಾಮೂಲು, ಎಷ್ಟೋ ಜನರಲ್ಲಿ ಮೊದಲ ವಾರಗಳಲ್ಲೇ. ಬ್ರೆಜಿಲ್‌ನಲ್ಲಿ ಗೇಟ್‌ವೇ ಅನ್ನೋ ಅಧ್ಯಯನ ಮಾಡಿದ್ರು, 2018ರಲ್ಲಿ ಪ್ರಕಟ ಆಯ್ತು. ಬಿಪಿ ಮತ್ತು ಬೊಜ್ಜು ಎರಡೂ ಇದ್ದ 100 ಜನ. ಅರ್ಧ ಜನಕ್ಕೆ ಗ್ಯಾಸ್ಟ್ರಿಕ್ ಬೈಪಾಸ್ ಜೊತೆಗೆ ಔಷಧಿ, ಉಳಿದವರಿಗೆ ಬರೀ ಔಷಧಿ. ಒಂದು ವರ್ಷದ ನಂತರ, ಬಿಪಿ ಹಿಡಿತದಲ್ಲಿಟ್ಟುಕೊಂಡೇ ಗುಳಿಗೆಗಳ ಸಂಖ್ಯೆಯನ್ನ ಶೇ 30ರಷ್ಟಾದರೂ ಇಳಿಸೋಕೆ ಆಗಿದ್ದು ಆಪರೇಷನ್ ಆದವರಲ್ಲಿ ಸುಮಾರು ಶೇ 84 ಜನಕ್ಕೆ, ಆಗದವರಲ್ಲಿ ಶೇ 13ರಷ್ಟು ಜನಕ್ಕೆ. ಸಂತೋಷದ ಸುದ್ದೀನೇ. ಆದ್ರೆ ಬಿಪಿ ಇಳಿದದ್ದನ್ನ ಯಾರೂ ಅಳೀದೇ, ಹಳೇ ಡೋಸೇ ನುಂಗ್ತಾ ಹೋದ್ರೆ ಅದೇ ಸಂತೋಷ ಅಂಗಳದಾಗ ಬೀಳಿಸ್ತದೆ.

ಎರಡನೇದು ಮೆಟೊಪ್ರೊಲಾಲ್ ಎಕ್ಸ್‌ಎಲ್. ಇಲ್ಲಿ ತಪ್ಪು ದೊಡ್ಡವ್ವಂದು ಅಂತ ಹೇಳೋಕೆ ನನಗೆ ಮನಸ್ಸಿಲ್ಲ, ಆಕೆ ಪ್ರೀತಿಯಿಂದ ಮಾಡಿದ್ದು. ದೊಡ್ಡಾಸ್ಪತ್ರೆಯವರು "ಮೊದಲ ಕೆಲವು ವಾರ ದೊಡ್ಡ ಗುಳಿಗೆ ಪುಡಿ ಮಾಡಿ ಕೊಡಿ" ಅಂದಿದ್ದರು. ಆಕೆ ಎಲ್ಲಾ ಗುಳಿಗೆಗಳನ್ನೂ ಪುಟ್ಟ ಒರಳಿನಾಗ ಹಾಕಿ ಕುಟ್ಟಿ, ಮಜ್ಜಿಗೆಯಾಗ ಕಲಸಿ ಕೊಡ್ತಿದ್ಲು. ಆದ್ರೆ ಎಕ್ಸ್‌ಎಲ್, ಇಆರ್, ಎಸ್‌ಆರ್ ಅಂತ ಅಕ್ಷರ ಇರೋ ಗುಳಿಗೆ ನಿಧಾನವಾಗಿ, ಬಹಳ ಹೊತ್ತಿನ ತನಕ ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗೋ ಹಾಗೆ ಮಾಡಿರ್ತಾರೆ. ಕುಟ್ಟಿದ್ರೆ ದಿನಪೂರ್ತಿಯ ಡೋಸ್ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತೆ. ನಾಡಿ ನಿಧಾನ ಆಗಿದ್ದು ಅದಕ್ಕೇ. ಕುಟ್ಟದೆ ಇಡೀ ನುಂಗಿದ್ರೂ ಬೈಪಾಸ್ ಆದವರಲ್ಲಿ ತಲೆನೋವು ತಪ್ಪಿದ್ದಲ್ಲ: ಕರುಳಿನ ದಾರಿ ಗಿಡ್ಡ ಆಗಿರೋದ್ರಿಂದ ಔಷಧಿ ಪೂರ್ತಿ ಹೀರಿಕೆ ಆಗದೇ ಹೋಗಬಹುದು. ಹಾಗಾಗಿ ಡಾಕ್ಟರುಗಳು ಸಾಮಾನ್ಯವಾಗಿ ಇಂಥದ್ದನ್ನ ದಿನಕ್ಕೆ ಎರಡು ಸಲ ತಗೊಳ್ಳೋ ಸಾದಾ ಗುಳಿಗೆಗೆ ಬದಲಾಯಿಸ್ತಾರೆ. ದೊಡ್ಡಪ್ಪಗೂ ಹಾಗೇ ಮಾಡಿದ್ರು, ಡೋಸ್ ಇಳಿಸಿ. ಪೂರ್ತಿ ನಿಲ್ಲಿಸಲಿಲ್ಲ. ಈ ಜಾತಿಯ ಗುಳಿಗೆಯನ್ನ ಥಟ್ಟನೆ ಬಿಟ್ರೆ ಎದೆನೋವು, ಅಟ್ಯಾಕ್‌ವರೆಗೂ ಹೋಗಬಹುದು. "ತಲೆ ತಿರುಗ್ತದ, ಬಿಟ್ಟುಬಿಡೋಣ" ಅನ್ನೋ ಹಾಗಿಲ್ಲ.

ಮೂರನೇದು ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸೋದು. ಆಸ್ಪಿರಿನ್ 75ರ ಸ್ಟ್ರಿಪ್, ಒಂದೂ ಗುಳಿಗೆ ಹರಿದಿಲ್ಲ. ಐದು ವಾರದಿಂದ ದೊಡ್ಡಪ್ಪ ಅದನ್ನ ಮುಟ್ಟೇ ಇರಲಿಲ್ಲ! ಕೇಳಿದ್ರೆ, "ಚೀಟಿಯಾಗ ಬರ್ದಾರಲ್ಲೋ" ಅಂದ್ರು. ಚೀಟಿ ಇಂಗ್ಲಿಷಿನಾಗಿತ್ತು, ನಾಲ್ಕು ಪುಟ. ಅದರಲ್ಲಿ ನೋವಿನ ಗುಳಿಗೆ, ಆಸ್ಪಿರಿನ್ ಬೇಡ ಅಂತ ಒಂದು ಸಾಲು ನಿಜಕ್ಕೂ ಇತ್ತು. ಓದಿ ಹೇಳಿದವನು ನಾನೇ. ಸ್ಟೆಂಟ್ ಇದ್ದವರು ಏನು ಮಾಡಬೇಕು ಅಂತ ಅದರಲ್ಲಿ ಇರಲಿಲ್ಲ, ನಾನೂ ಫೋನ್ ಮಾಡಿ ಕೇಳಲಿಲ್ಲ.

ಆ ಸಾಲಿಗೆ ಕಾರಣ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಗಳು ಹೊಸದಾಗಿ ಹೊಲಿದ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡ್ತವೆ, ಹುಣ್ಣು ರಕ್ತ ಸುರಿಸಬಹುದು. ಮೊಣಕಾಲು ನೋವು ಅಂತ ಮೆಡಿಕಲ್ ಶಾಪಿನಾಗ ಚೀಟಿ ಇಲ್ಲದೇ ಡೈಕ್ಲೋ ತಗೊಳ್ಳೋ ನಮ್ಮ ಚಾಳಿ ಇದೆಯಲ್ಲ, ಬೈಪಾಸ್ ಆದವರಿಗೆ ಅದು ಜೀವನಪೂರ್ತಿ ಬಂದ್. ಆದ್ರೆ ಸ್ಟೆಂಟಿಗಾಗಿ ಕೊಡೋ ಸಣ್ಣ ಡೋಸಿನ ಆಸ್ಪಿರಿನ್ ಲೆಕ್ಕ ಬೇರೆ. ಅದನ್ನ ಬಿಟ್ರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೋ ಅಪಾಯ. ಅದಕ್ಕೆ ಹೃದಯದ ಡಾಕ್ಟರು, ಆಪರೇಷನ್ ಮಾಡಿದ ಡಾಕ್ಟರು ಇಬ್ಬರೂ ಸೇರಿ ತೀರ್ಮಾನ ಮಾಡಬೇಕು. ಮುಂದುವರಿಸೋದಾದ್ರೆ ಸಾಮಾನ್ಯವಾಗಿ ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ಜೊತೆಗೆ ಕೊಡ್ತಾರೆ. ಕ್ಲೊಪಿಡೊಗ್ರೆಲ್ ತಗೊಳ್ಳೋರು ಇಲ್ಲಿ ಕಿವಿಗೊಡಿ: ಒಮೆಪ್ರಜೋಲ್ ಅದರ ಕೆಲಸಕ್ಕೆ ಅಡ್ಡಿ ಮಾಡ್ತದೆ. ಮೆಡಿಕಲ್‌ನವರು "ಎರಡೂ ಗ್ಯಾಸಿಂದೇ" ಅಂತ ಬದಲಿಸಿ ಕೊಟ್ರೆ ಸುಮ್ಮನೆ ತಗೊಂಡು ಬರಬೇಡಿ.

ನೋಡ್ರಿ, ಒಂದೇ ಚೀಲದಾಗ ಒಂದು ಗುಳಿಗೆ ಕಡಿಮೆ ಆಗಬೇಕಿತ್ತು, ಒಂದು ರೂಪ ಬದಲಾಗಬೇಕಿತ್ತು, ಒಂದು ನಿಲ್ಲಲೇಬಾರದಿತ್ತು. ನಾವು ಮೂರನ್ನೂ ಉಲ್ಟಾ ಮಾಡಿದ್ವಿ.

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಆಪರೇಷನ್ ಆದ ಮೊದಲ ವಾರಗಳಲ್ಲಿ ಊಟ ಕಡಿಮೆ, ಸೊಪ್ಪಿನಿಂದ ಬರೋ ವಿಟಮಿನ್ ಕೆ ಕಡಿಮೆ, ಹಾಗಾಗಿ ಹಳೇ ಡೋಸೇ ಹೆಚ್ಚಾಗಿಬಿಡಬಹುದು. ಮುಂದೆ ತಿಂಗಳು ಕಳೆದಂತೆ ಡೋಸ್ ಮತ್ತೆ ಏರಿಸಬೇಕಾಗ್ತದೆ. ಐಎನ್‌ಆರ್ ಪರೀಕ್ಷೆ ಪದೇ ಪದೇ ಮಾಡಿಸೋದು ಬಿಟ್ಟು ಬೇರೆ ದಾರಿ ಇಲ್ಲ. ರಿವರಾಕ್ಸಬ್ಯಾನ್‌ನಂಥ ಹೊಸ ಗುಳಿಗೆಯ 15, 20 ಮಿಲಿಗ್ರಾಂ ಡೋಸ್ ಊಟದ ಜೊತೆಗೇ ತಗೋಬೇಕು. ಎರಡು ಚಮಚ ಗಂಜಿ ಕುಡಿಯೋರಿಗೆ ಅದು ಸರಿಯಾಗಿ ಹೀರಿಕೆ ಆಗ್ತದೆ ಅನ್ನೋ ಭರವಸೆ ಇಲ್ಲ. ಕೊಲೆಸ್ಟ್ರಾಲ್ ರಿಪೋರ್ಟ್ ಚೆನ್ನಾಗಿ ಬಂತು ಅಂತ ಸ್ಟೆಂಟ್ ಇದ್ದವರು ಸ್ಟ್ಯಾಟಿನ್ ಬಿಡೋದೂ ಬೇಡ.

ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್‌ಗೆ ಮಾತ್ರ ಹೊಟ್ಟೆಯ ಹಂಗಿಲ್ಲ. ಬಾಯಿಂದಲೇ ರಕ್ತಕ್ಕೆ ಹೋಗ್ತದೆ, ಮೊದಲಿನಂಗೇ ಕೆಲಸ ಮಾಡ್ತದೆ. ಆದ್ರೆ ಬಿಪಿ ಈಗಾಗಲೇ ಇಳಿದಿರೋರು ಕೂತ್ಕೊಂಡೇ ಇಟ್ಕೋಬೇಕು. ಬಿಪಿ 90ರ ಕೆಳಗೆ ಇದ್ರೆ ಇಡಲೇಬಾರದು.

ವಾಂತಿ ಬಗ್ಗೆ ಒಂದು ಮಾತು. ಗುಳಿಗೆ ವಾಂತಿ ಆಯ್ತು ಅಂತ ಇನ್ನೊಂದು ನುಂಗಬೇಡಿ, ಫೋನ್ ಮಾಡಿ ಕೇಳಿ. ದಿನಗಟ್ಟಲೆ ವಾಂತಿ ಆಗ್ತಿದ್ರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಅದು ಮನೇಲಿ ನಿಂಬೆಹಣ್ಣು ಮೂಸಿಸೋ ವಿಷಯ ಅಲ್ಲ.

ಇನ್ನು, ಎದೆನೋವು ನಿಜವಾಗಿಯೇ ಬಂದ್ರೆ 108ಕ್ಕೆ ಫೋನ್. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸ್ತಾರೆ, ಬೇಕಾದ್ರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ. ಆ ಇಂಜೆಕ್ಷನ್ ಕೊಡೋ ಮುಂಚೆ, ಐದು ವಾರದ ಹಿಂದೆ ಹೊಟ್ಟೆ ಆಪರೇಷನ್ ಆಗಿದೆ ಅಂತ ಅವರಿಗೆ ಗೊತ್ತಾಗಲೇಬೇಕು, ಇಲ್ಲಾಂದ್ರೆ ಒಳಗೆ ರಕ್ತಸ್ರಾವ ಆಗಬಹುದು. ನಮ್ಮಣ್ಣನ 'ಬೈಪಾಸ್' ಮಾತು ಮತ್ತೆ ನೆನಪಿಗೆ ಬಂತಾ?

ಈಗ ನಮ್ಮನೇಲಿ ಏನು ನಡೀತದೆ ಅಂದ್ರೆ, ಗುಳಿಗೆ ಪಟ್ಟಿ ಕನ್ನಡದಾಗ ಬರೆದು ಗೋಡೆಗೆ ಅಂಟಿಸಿದ್ದೀನಿ, ಅದರ ಫೋಟೋ ಎಲ್ಲರ ಫೋನಿನಾಗೂ ಇದೆ. ಯಾವುದು ಕುಟ್ಟಬಾರದು ಅನ್ನೋದರ ಮುಂದೆ ಕೆಂಪು ಚುಕ್ಕಿ. ದಿನಾ ಬೆಳಿಗ್ಗೆ ಕೂತು ಒಮ್ಮೆ, ಎದ್ದು ನಿಂತು ಒಮ್ಮೆ ಬಿಪಿ ನೋಡಿ ನೋಟ್‌ಬುಕ್ಕಿನಾಗ ಬರೀತಾರೆ. ಮೊನ್ನೆ ಫೋನ್ ಮಾಡಿದಾಗ 116/74 ಇತ್ತು. ತೂಕ 22 ಕೆಜಿ ಇಳಿದದೆ. ಟೆಲ್ಮಿಸಾರ್ಟಾನ್ ಉಳಿದದ, 'ಎಚ್' ಹೋಗಿದೆ. ದೊಡ್ಡವ್ವ ಒರಳನ್ನ ಶೇಂಗಾ ಚಟ್ನಿಗೆ ವಾಪಸ್ ತಗೊಂಡಾಳ. ದೊಡ್ಡಪ್ಪಗೆ ಆ ಚಟ್ನಿ ಒಂದು ಚಮಚಕ್ಕಿಂತ ಹೆಚ್ಚು ಇಳಿಯಲ್ಲ, ಅದೊಂದೇ ಈಗ ಅವರ ದೂರು.