ಗೋಡೆ ದಾಟುವ ಚೆಂಡು

ಮೊಬೈಲ್ ಆಟವೊಂದರಲ್ಲಿ ಚೆಂಡು ಗೋಡೆಗೆ ಬಡಿದು ಹಿಂದಿರುಗಬೇಕು. ಆದರೆ ಕೆಲವೊಮ್ಮೆ ಅದು ಗೋಡೆಯನ್ನೇ ತೂರಿಹೋಗುತ್ತದೆ. 1976ರಲ್ಲಿ ಅಟಾರಿ ಸಂಸ್ಥೆ ಹೊರತಂದ ‘ಬ್ರೇಕ್‌ಔಟ್’ ಮಾದರಿಯ ಆಟ ಬರೆಯಲು ಹೊರಟ ವಿದ್ಯಾರ್ಥಿಗಳನ್ನು ಕಾಡುವ ದೋಷವಿದು. ಏಕೆ ಹೀಗೆ?

ಟಿ.ವಿ. ದೃಶ್ಯದಂತೆ ಆಟವೂ ಸ್ಥಿರಚಿತ್ರಗಳ, ಅಂದರೆ ಫ್ರೇಮ್‌ಗಳ ಸರಣಿ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಫ್ರೇಮ್. ಮೊಬೈಲ್ ಆಟದಲ್ಲಿ ಸಾಮಾನ್ಯವಾಗಿ 60. ಡಿಕ್ಕಿಯಾಯಿತೇ ಎಂದು ಪ್ರೋಗ್ರಾಮ್ ಫ್ರೇಮಿಗೊಮ್ಮೆ ಮಾತ್ರ ನೋಡುತ್ತದೆ. ಸೆಕೆಂಡಿಗೆ 1800 ಪಿಕ್ಸೆಲ್ ಸಾಗುವ ಚೆಂಡು ಫ್ರೇಮಿಗೆ 30 ಪಿಕ್ಸೆಲ್ ಜಿಗಿಯುತ್ತದೆ. ಚೆಂಡಿನ ಅಗಲ 8, ಗೋಡೆಯ ದಪ್ಪ 10, ಕೂಡಿದರೆ 18. ನೇರವಾಗಿ ಬಂದ ಚೆಂಡು ಸರಾಸರಿ ಹತ್ತರಲ್ಲಿ ಆರು ಬಾರಿ ಸಿಕ್ಕಿಬೀಳುತ್ತದೆ, ನಾಲ್ಕು ಬಾರಿ ತಪ್ಪಿಸಿಕೊಳ್ಳುತ್ತದೆ. ದೋಷ ಆಗಾಗ ಮಾತ್ರ ಕಾಣುವುದು ಇದರಿಂದಲೇ.

ಪತ್ತೆ ಹೇಗೆ? ಚೆಂಡು, ಗೋಡೆಗಳ ಲೆಕ್ಕದ ಚೌಕಗಳನ್ನು ಬಣ್ಣದ ಗೆರೆಯಲ್ಲಿ ಪರದೆಯ ಮೇಲೆ ಬರೆಸಿ, ಆಟವನ್ನು ಒಂದೊಂದೇ ಫ್ರೇಮ್ ನಡೆಸಿ ನೋಡಬೇಕು. ಚೌಕವು ಚಿತ್ರದಿಂದ ಸರಿದಿದ್ದರೆ ಅಳತೆ ತಪ್ಪಿದೆ. ಸರಿಯಾಗಿ ಕೂತಿದ್ದೂ ಚೌಕಗಳು ಒಮ್ಮೆಯೂ ತಾಗದಿದ್ದರೆ ಜಿಗಿತವೇ ಕಾರಣ.

ಪರಿಹಾರ ಸರಳ: 30ರ ಜಿಗಿತವನ್ನು 15ರ ಎರಡು ಹೆಜ್ಜೆ ಮಾಡಿ, ಪ್ರತಿ ಹೆಜ್ಜೆಗೂ ಪರೀಕ್ಷಿಸಿ. ಗೋಡೆಯನ್ನು ದಪ್ಪ ಮಾಡಿದರೆ ವೇಗ ಹೆಚ್ಚಿದಾಗ ದೋಷ ಮರಳುತ್ತದೆ. ಸೂತ್ರ ಸರಿಯಿದ್ದರೆ ಸಾಲದು. ನೋಡಬೇಕಾದ ಕ್ಷಣದಲ್ಲಿ ನೋಡಬೇಕು.