ಹುಬ್ಬಿ-ಉತ್ತರಿ ನಡುವಿನ ಒಂದು ಚುಕ್ಕಿ

ದುರ್ಬೀನಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿ ತನ್ನ ಸರದಿ ಬಂದಾಗ ಹಿಂದೆ ಸರಿದಳು. "ನಾ ಒಲ್ಲೆಪಾ. ಶನಿ ಅಂತ ಅಂವ. ತನ್ನ ಪಾಡಿಗಿ ತಾನು ಸುಮ್ಮನ ಇದ್ದಾನ, ನಾವ್ಯಾಕ ಹೋಗಿ ಕಣ್ಣಾಗ ಕಣ್ಣಿಟ್ಟು ನೋಡಬೇಕು?" ಮೊಮ್ಮಗ ಬಿಡಲಿಲ್ಲ. "ಆಯಿ, ಕೊಳ್ಳಾಗ ಬಳಿ ಹಾಕ್ಕೊಂಡಂಗ ಕಾಣಸ್ತಾನ, ಒಮ್ಮಿ ನೋಡು." ಕೊನೆಗೂ ಆಕೆ ಸೆರಗು ಸರಿಪಡಿಸಿಕೊಂಡು ಬಗ್ಗಿದಳು. ಅರ್ಧ ನಿಮಿಷ ಮಾತಿಲ್ಲ. ಆಮೇಲೆ ತಲೆ ಎತ್ತಿ, ಏಳೂವರೆ ವರ್ಷ ಕಾಡುವವನ ಬಗ್ಗೆ ತೀರ್ಪು ಕೊಟ್ಟಳು: "ಅಯ್ಯ, ಇಷ್ಟೇ ಸಣ್ಣಾಂವ?"

ಆಕೆಯ ಕಣ್ಣಿಗೆ ಬಿದ್ದ ಬೆಳಕು ಶನಿಯನ್ನು ಬಿಟ್ಟು ಸುಮಾರು ಒಂದೂಕಾಲು ಗಂಟೆಯಾಗಿತ್ತು. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗಲು, ಸ್ಟ್ಯಾಂಡಿನಲ್ಲಿ ಕಾಯ್ದದ್ದೂ ಸೇರಿದರೆ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಕಲಬುರಗಿಗೆ ಬಂದ ನೆಂಟರಿಗೆ ನಾವು ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಕೋಟೆ, ಬುದ್ಧ ವಿಹಾರ ತೋರಿಸುತ್ತೇವೆ. ಆ ದುರ್ಬೀನಿದ್ದ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಾತ್ರ ಶಾಲೆಯ ಮಕ್ಕಳನ್ನು ಮಾಸ್ತರರೇ ಕರೆದೊಯ್ಯಲಿ ಎಂದು ಬಿಟ್ಟುಬಿಟ್ಟಿದ್ದೇವೆ. ಅದು ಬಾಗಿಲು ತೆರೆದದ್ದು 1984ರಲ್ಲಿ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಮರಿ ಅದು. ಎರಡರ ಮೇಲೂ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿ ಇದೆ. ದೊಡ್ಡ ಊರುಗಳಿಗೆ ಮಾತ್ರ ಮೀಸಲಾಗಿದ್ದ ಇಂಥ ಸಂಸ್ಥೆಗಳನ್ನು ಜಿಲ್ಲೆಗಳಿಗೆ ಒಯ್ಯಬೇಕೆಂದು ಹೊರಟಾಗ ದೇಶದಲ್ಲೇ ಮೊದಮೊದಲು ಇದನ್ನು ಪಡೆದ ಕೆಲವೇ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಇಲ್ಲಿ "ಮುಟ್ಟಬೇಡಿ" ಎಂಬ ಫಲಕಕ್ಕೆ ಕೆಲಸವಿಲ್ಲ. ತಿರುಗಿಸಿ, ಎಳೆದು, ಜೀಕಿ ನೋಡುವುದೇ ಇಲ್ಲಿಯ ಪಾಠ. ಗಾಳಿ ಊದಿ ನಿಲ್ಲಿಸುವ ಗುಡಾರದಂಥ ತಾರಾಮಂಡಲದೊಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ, ಮಟಮಟ ಮಧ್ಯಾಹ್ನದಲ್ಲೂ ರಾತ್ರಿಯಾಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಇದು ಸಣ್ಣ ಉಪಕಾರವಲ್ಲ.

ಆ ಮೇ ತಿಂಗಳೇ ಇನ್ನೊಂದು ಪಾಠವನ್ನೂ ಪುಕ್ಕಟೆ ಕೊಡುತ್ತದೆ. ನಮ್ಮ ಊರು ಭೂಮಧ್ಯರೇಖೆಯಿಂದ ಸುಮಾರು 17.3 ಡಿಗ್ರಿ ಉತ್ತರಕ್ಕಿದೆ. ಹೀಗಾಗಿ ವರ್ಷಕ್ಕೆ ಎರಡು ಸಲ, ಮೇ 9ರ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರ, ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ. ಅಂಗಳದಲ್ಲಿ ನಿಲ್ಲಿಸಿದ ತಂಬಿಗೆಯ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಆಗಸ್ಟ್‌ನಲ್ಲಿ ಮೋಡ ಬಿಟ್ಟರೆ, ಅಷ್ಟೇ.

ಆಕಾಶ ನೋಡುವ ಹುಚ್ಚು ಈ ಊರಿಗೆ ಹೊಸದೇನಲ್ಲ. ಇಲ್ಲಿಂದ ಆಳಿದ ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಶಾಹ (1397-1422) ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದನಂತೆ. ಯೂಕ್ಲಿಡನ ರೇಖಾಗಣಿತ, ಖಗೋಳದ ಗ್ರಂಥಗಳು ಆ ಪಾಠದಲ್ಲಿದ್ದವು ಎಂದು ಎರಡು ಶತಮಾನಗಳ ನಂತರ ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಕೂತು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. 1407ರಲ್ಲಿ ಈ ಸುಲ್ತಾನ ದೌಲತಾಬಾದಿನ ಬಳಿ ಘಾಟಿನ ಮೇಲೆ ಒಂದು ವೇಧಶಾಲೆ ಕಟ್ಟಲು ಅಪ್ಪಣೆ ಕೊಟ್ಟ. ಸಮರ್‌ಕಂದದಲ್ಲಿ ಉಲುಗ್ ಬೇಗ್ ಕಟ್ಟಿಸಿದ ಹೆಸರಾಂತ ವೇಧಶಾಲೆಗಿಂತ ಮೊದಲಿನ ಮಾತಿದು. ಆದರೆ ಕೆಲಸದ ಹೊಣೆ ಹೊತ್ತಿದ್ದ ವಿದ್ವಾಂಸ ಹಕೀಂ ಹಸನ್ ಗಿಲಾನಿ ತೀರಿಕೊಂಡ. ಕಟ್ಟಡ ಅಲ್ಲಿಗೇ ನಿಂತಿತು. ರಾಜ್ಯ ಇತ್ತು, ಖಜಾನೆ ಇತ್ತು, ಮನಸ್ಸಿತ್ತು. ಗಿಲಾನಿಯ ಕೈಯ ಕೆಲಸವನ್ನು ಮುಂದಕ್ಕೊಯ್ಯುವ ಎರಡನೆಯ ಕೈ ಇರಲಿಲ್ಲ. ನಮ್ಮೂರ ಹಫ್ತ್ ಗುಂಬಜ್‌ನ ಗೋರಿಗಳಲ್ಲೆಲ್ಲ ದೊಡ್ಡದು ಫಿರೋಜ್ ಶಾಹನದೇ. ಅಲ್ಲಿ ಫೋಟೊ ತೆಗೆಸಿಕೊಳ್ಳುವ ಹುಡುಗರಿಗೆ ಈ ಕತೆ ಹೇಳುವವರು ಕಡಿಮೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಸಾವಿದೆ. ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ನವಾಬ್ ಜಾಫರ್ ಜಂಗ್ ಎಂಬ ಸರದಾರ ಸ್ವಂತ ದುಡ್ಡಿನಲ್ಲಿ ದೊಡ್ಡ ದುರ್ಬೀನು ತರಿಸಿ, 1901ರಲ್ಲಿ ಹೈದರಾಬಾದಿನಲ್ಲಿ ನಿಜಾಮಿಯಾ ವೇಧಶಾಲೆ ಶುರುಮಾಡಿದ. 1907ರಲ್ಲಿ ಆತ ತೀರಿಕೊಂಡ. ಆದರೆ ಈ ಸಲ ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. ಪ್ಯಾರಿಸ್ಸಿನಿಂದ ಹೊರಟ ಅಂತರರಾಷ್ಟ್ರೀಯ ಯೋಜನೆಯೊಂದು ಇಡೀ ಆಕಾಶವನ್ನು ಪಟ್ಟಿಗಳಾಗಿ ಹಂಚಿ, ಒಂದೊಂದು ವೇಧಶಾಲೆಗೆ ಒಂದೊಂದು ಪಟ್ಟಿಯ ಫೋಟೊ ತೆಗೆದು ಚುಕ್ಕಿ ಎಣಿಸುವ ಕೆಲಸ ಕೊಟ್ಟಿತ್ತು. ನಿಜಾಮಿಯಾದವರು ದಶಕಗಟ್ಟಲೆ ಗಾಜಿನ ಫಲಕಗಳ ಮೇಲೆ ಬಗ್ಗಿ ಕೂತು 7 ಲಕ್ಷ 60 ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಜಾಗ ಅಳೆದರು. ತಲಾಟಿಯ ಪಹಣಿಯಷ್ಟೇ ನೀರಸವಾದ, ಅಷ್ಟೇ ಬೇಕಾದ ಕೆಲಸ. ಅಲ್ಲಿ ಸಹಾಯಕರಾಗಿದ್ದವರೊಬ್ಬರ ಮಗ ದುರ್ಬೀನುಗಳ ನಡುವೆ ಬೆಳೆದು ಖಗೋಳವಿಜ್ಞಾನಿ ವೇಣು ಬಾಪ್ಪು ಆದ. 1971ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅವರ ಕೂಸು. ಆ ಸಂಸ್ಥೆಯವರು ಇಂದು ಹೊಸಕೋಟೆಯ ಕೋಣೆಯಲ್ಲಿ ಕೂತು, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದುರ್ಬೀನನ್ನು ಉಪಗ್ರಹದ ಮೂಲಕ ತಿರುಗಿಸುತ್ತಾರೆ.

ಎಣಿಸಿದ್ದಾಯಿತು. ಆ ಚುಕ್ಕಿಗಳು ಯಾತರಿಂದ ಆಗಿವೆ ಎಂದು ತಿಳಿಯುವುದು ಹೇಗೆ? ಚುಕ್ಕಿಯಿಂದ ಒಂದು ಹಿಡಿ ಮಣ್ಣು ತರಿಸುವಂತಿಲ್ಲ, ಬರುವುದು ಬೆಳಕೊಂದೇ. ಸಂತೆಯಲ್ಲಿ ಬುಟ್ಟಿ ದೂರದಿಂದ ಕಂಡರೂ "ಇದು ಕಮಲಾಪುರದ ಬಾಳಿಹಣ್ಣು" ಎಂದು ಕೆಂಪು ಸಿಪ್ಪೆ ನೋಡಿ ಹೇಳುತ್ತೇವಲ್ಲ, ಸುಲಿದು ನೋಡಬೇಕಿಲ್ಲ. ಹಾಗೆ ಪ್ರತಿಯೊಂದು ಮೂಲವಸ್ತುವಿಗೂ ಬೆಳಕಿನಲ್ಲಿ ತನ್ನದೇ ಬಣ್ಣದ ಗೆರೆಗಳಿವೆ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಿಡಿಸಿದರೆ ಆ ಗೆರೆಗಳು ಕಾಣುತ್ತವೆ. ಮನೆಯಲ್ಲಿ ಹಳೇ ಸಿ.ಡಿ. ಇದ್ದರೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಬೆಳಕು ಬಿಡಿಬಿಡಿಯಾಗುವುದು ಗೊತ್ತಾಗುತ್ತದೆ.

ಈ ತಂತ್ರ ಸೂರ್ಯಗ್ರಹಣದ ಮೇಲೆ ಮೊದಲ ಸಲ ಪ್ರಯೋಗವಾದದ್ದು ನಮ್ಮ ನೆರೆಯಲ್ಲೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನ್ನಿನ ಮೇಲೆ ಹಾಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಇನ್ನೂ ಪೂರ್ವಕ್ಕೆ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಹಾಗೂ ಇತರರು ಬೆಳಕು ಬಿಡಿಸುವ ಯಂತ್ರ ಹೂಡಿ ಕೂತಿದ್ದರು. ಈ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಸೂರ್ಯನ ಅಂಚಿನ ಜ್ವಾಲೆಗಳು ಬೆಳಗುವ ಅನಿಲ ಎಂಬುದು ಅಂದು ಖಾತ್ರಿಯಾಯಿತು. ಒಂದು ಹಳದಿ ಗೆರೆಯನ್ನು ಮಾತ್ರ ಮೊದಲು ಸೋಡಿಯಂ ಇರಬೇಕೆಂದು ತಿಳಿದರು. ಜಾಗ ಕೂದಲೆಳೆಯಷ್ಟು ಬೇರೆಯಾಗಿತ್ತು. ಅದು ಭೂಮಿಯ ಮೇಲೆ ಯಾರೂ ಕಂಡಿರದ ವಸ್ತು, ಹೀಲಿಯಂ. ಭೂಮಿಯಲ್ಲಿ ಅದು ರಸಾಯನವಿಜ್ಞಾನಿ ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಇಪ್ಪತ್ತೇಳು ವರ್ಷ ಅದು ಬರೀ ಒಂದು ಗೆರೆಯಾಗಿ ಬದುಕಿತ್ತು. ಸೋಡಿಯಂ ಎಂದು ತಪ್ಪು ತಿಳಿದ ಈ ಪ್ರಸಂಗ ನೆನಪಿರಲಿ, ಮುಂದೆ ಬೇಕಾಗುತ್ತದೆ.

(1980ರ ಫೆಬ್ರುವರಿ 16ರಂದು ಇಂಥದೇ ನೆರಳು ಕಾರವಾರದ ಕಡೆಯಿಂದ ಬಂದು ರಾಯಚೂರಿನ ಮೇಲೆ ಹೋಯಿತು. ಸಿಂಧನೂರು ಬಳಿಯ ಜವಳಗೇರಾದಲ್ಲಿ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಊರ ಜನ ಬಹುಪಾಲು ಬಾಗಿಲು ಹಾಕಿಕೊಂಡು ಒಳಗಿದ್ದರು. ಅಂದು ಶಾಲೆಯಲ್ಲಿದ್ದವರು ಈಗ ಅಜ್ಜ-ಅಜ್ಜಿಯರು. "ನೋಡಬೇಕಿತ್ತು" ಎಂದು ಅವರಲ್ಲಿ ಎಷ್ಟೋ ಜನ ನನ್ನ ಮುಂದೆ ಹಳಹಳಿಸಿದ್ದಾರೆ.)

ಕೇಂದ್ರದ ಅಂಗಳದಲ್ಲಿ ಶನಿ, ಗುರು, ಚಂದ್ರ ಕಾಣುತ್ತಾರೆ. ಆದರೆ ಊರಿನ ಬೆಳಕು ಸಣ್ಣ ಚುಕ್ಕಿಗಳನ್ನೆಲ್ಲ ನುಂಗಿಬಿಡುತ್ತದೆ. ಅವನ್ನು ನೋಡಲು ನಾನು ಕಮಲಾಪುರಕ್ಕೆ ಹೋಗುತ್ತೇನೆ. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿ ಸ್ವಲ್ಪ ಹೊತ್ತಿಗೆ ಸಿಗುವ ಊರು; ಈಗ ತಾಲ್ಲೂಕು ಕೇಂದ್ರ. ಅದರ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಪರಿಚಯದ ರೈತರೊಬ್ಬರ ತೋಟದ ಬಾವಿಕಟ್ಟೆಯೇ ನನ್ನ ವೇಧಶಾಲೆ. ಏಪ್ರಿಲ್‌ನ ಒಂದು ರಾತ್ರಿ ಇಬ್ಬರೂ ಕರೆಂಟಿಗಾಗಿ ಕಾಯುತ್ತ ಕೂತಿದ್ದೆವು. ಅವರಿಗೆ ಮೋಟರ್ ಹಚ್ಚಬೇಕಿತ್ತು. ನನಗೆ ಕರೆಂಟ್ ಬರದಿದ್ದರೇ ಚೆಂದ. ಇದನ್ನು ಅವರಿಗೆ ಹೇಳಲಿಲ್ಲ.

"ಕಾಕಾ, ಮಳಿ ಚುಕ್ಕಿ ಯಾವ ಯಾವ ಗೊತ್ತವ?" ಎಂದೆ.

"ಮಿರಗ, ಆರಿದ್ರ, ಮಖಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ... ಹೆಸರ್ ಎಲ್ಲಾ ಗೊತ್ತವ. ತೋರ್ಸು ಅಂದ್ರ ತೋರ್ಸಲಾರೆ."

ತೋರಿಸಲಾಗದ್ದಕ್ಕೆ ಕಾರಣವಿದೆ. ಮಿರಗದ ಮಳೆ ಎಂದರೆ ಸೂರ್ಯ ಮೃಗಶಿರಾ ನಕ್ಷತ್ರದ ಜಾಗದಲ್ಲಿರುವ ದಿನಗಳು. ಆಗ ಆ ಚುಕ್ಕಿ ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಅಂದರೆ ತೊಗರಿ ಬಿತ್ತುವ ಹೊತ್ತಿಗೆ ನಾವು ಯಾರ ಹೆಸರು ಹೇಳುತ್ತೇವೋ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸಂಜೆಗೆ ನೆತ್ತಿಯ ಮೇಲೆ ಬೇಕೆಂದರೆ ಎಂಟು ತಿಂಗಳಾದರೂ ಕಾಯಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನ ತೊನೆಯುವುದರಿಂದ ಈ ಲೆಕ್ಕ ಋತುಗಳಿಗಿಂತ ಸುಮಾರು 70 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಫಿರೋಜ್ ಶಾಹನ ಕಾಲಕ್ಕೂ ಇಂದಿಗೂ ಎಂಟೊಂಬತ್ತು ದಿನದ ಅಂತರ. "ಹಂಗಾದ್ರ ಮಿರಗ ತಡಾ ಆಗಲತ್ತದ ಅನ್ರಿ," ಎಂದರು ಕಾಕಾ. ತಡವಾಗುತ್ತಿರುವುದು ಚುಕ್ಕಿ, ಮಳೆಯಲ್ಲ ಎಂದೆ. ಅವರಿಗೆ ಅದು ಅಷ್ಟಾಗಿ ರುಚಿಸಲಿಲ್ಲ.

ಅಂದು ನೆತ್ತಿಯ ಮೇಲಿದ್ದದ್ದು ಸಿಂಹ ರಾಶಿ. ಕುಡಗೋಲಿನ ಹಿಡಿಯಲ್ಲಿ ಮಖಾ, ಬೆನ್ನ ಮೇಲೆ ಹುಬ್ಬಿ, ಬಾಲದ ತುದಿಗೆ ಉತ್ತರಿ. ಹುಬ್ಬಿಗೂ ಉತ್ತರಿಗೂ ನಡುವೆ, ತುಸು ದಕ್ಷಿಣಕ್ಕೆ ಇಳಿದರೆ ಖಾಲಿ ಕಾಣುವ ಜಾಗದಲ್ಲಿ ಬೆರಳಿಟ್ಟೆ. ಬರಿಗಣ್ಣಿಗೆ ಕಾಣದ ಒಂದು ಸಣ್ಣ ಕೆಂಪು ನಕ್ಷತ್ರ ಅಲ್ಲಿದೆ. ಅದರ ಹೆಸರು ಕೆ2-18, ದೂರ ಸುಮಾರು 124 ಬೆಳಕಿನ ವರ್ಷ.

ಬೇರೆಡೆ ಜೀವವಿದೆಯೇ ಎಂದು ಹುಡುಕುವವರು ಇಂಥ ಚುಕ್ಕಿಯನ್ನು ಎರಡು ಬಗೆಯಲ್ಲಿ ಕಾಯುತ್ತಾರೆ. ಗ್ರಹವೊಂದು ನಕ್ಷತ್ರದ ಮುಂದೆ ಹಾಯ್ದಾಗ ಬೆಳಕು ಚೂರು ಕುಂದುತ್ತದೆ, ಬೀದಿದೀಪದ ಮುಂದೆ ಹುಳ ಹಾರಿದಂತೆ. ಕೆ2-18ರ ಬೆಳಕು 33 ದಿನಕ್ಕೊಮ್ಮೆ ಸಾವಿರಕ್ಕೆ ಮೂರು ಪಾಲು ಕುಂದುತ್ತದೆ. ಗ್ರಹ ಸಿಕ್ಕಿದ್ದು ಹಾಗೆಯೇ. ಎರಡನೆಯದು ತೊನೆದಾಟ. ಗ್ರಹ ಸುತ್ತುವಾಗ ನಕ್ಷತ್ರವನ್ನೂ ತುಸು ಎಳೆದಾಡುತ್ತದೆ. ಬಸ್ಸು ಹಾರ್ನ್ ಹೊಡೆಯುತ್ತ ಹತ್ತಿರ ಬಂದಾಗ ದನಿ ಏರಿ, ದಾಟಿ ಹೋದಾಗ ಇಳಿಯುವಂತೆ ನಕ್ಷತ್ರದ ಗೆರೆಗಳೂ ಅತ್ತಿತ್ತ ಸರಿಯುತ್ತವೆ. ನಮ್ಮ ಗುರುಗ್ರಹ ಸೂರ್ಯನನ್ನು ಅಲುಗಿಸುವ ವೇಗ ಸೆಕೆಂಡಿಗೆ 12.5 ಮೀಟರ್, ಅಂದರೆ ತಾಸಿಗೆ 45 ಕಿಲೋಮೀಟರ್: ಕಮಲಾಪುರದ ಬಸ್ಸಿನ ಓಟ. ಭೂಮಿ ಅಲುಗಿಸುವುದು ಸೆಕೆಂಡಿಗೆ 9 ಸೆಂಟಿಮೀಟರ್, ಅಂಬೆಗಾಲಿಡುವ ಕೂಸಿಗಿಂತ ನಿಧಾನ. ಮೌಂಟ್ ಅಬುವಿನಲ್ಲಿ ನಮ್ಮವರು 'ಪಾರಸ್' ಎಂಬ ಯಂತ್ರದಿಂದ ಇಂಥ ತೊನೆದಾಟ ಅಳೆದು 2018ರಲ್ಲಿ ಸುಮಾರು 600 ಬೆಳಕಿನ ವರ್ಷ ಆಚೆಯ ಗ್ರಹವೊಂದನ್ನು ಖಚಿತಪಡಿಸಿದರು.

ಗ್ರಹ ಸಿಕ್ಕ ಮೇಲೆ ಮತ್ತೆ ಜಮಖಂಡಿಯ ತಂತ್ರವೇ. ನಕ್ಷತ್ರದ ಬೆಳಕು ಗ್ರಹದ ಗಾಳಿಯನ್ನು ಸೋಸಿಕೊಂಡು ಬರುವಾಗ ಆ ಗಾಳಿಯಲ್ಲಿರುವುದು ಅಲ್ಲಲ್ಲಿ ಗೆರೆ ಎಳೆದಿರುತ್ತದೆ. 2019ರಲ್ಲಿ ಕೆ2-18ರ ಗ್ರಹದಲ್ಲಿ ನೀರಾವಿ ಕಂಡಿತೆಂದು ಜಗತ್ತೇ ಸುದ್ದಿ ಮಾಡಿತು. 2023ರಲ್ಲಿ ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ ನೋಡಿದಾಗ ಸಿಕ್ಕಿದ್ದು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್; ನೀರೆಂದು ತಿಳಿದದ್ದು ಮೀಥೇನ್ ಗೆರೆಯೇ ಇರಬೇಕೆಂದಾಯಿತು. 2025ರಲ್ಲಿ ಅದೇ ತಂಡ ಡೈಮೀಥೈಲ್ ಸಲ್ಫೈಡ್‌ನ ಸುಳಿವು ಸಿಕ್ಕಿದೆ ಎಂದಿತು. ನಮ್ಮಲ್ಲಿ ಆ ಅನಿಲವನ್ನು ಹೆಚ್ಚಾಗಿ ಉಂಟುಮಾಡುವುದು ಕಡಲಿನ ಸೂಕ್ಷ್ಮಜೀವಿಗಳು. ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಬೇರೆಯವರು, ಇಲ್ಲ, ಇಷ್ಟರಿಂದ ಹಾಗೆನ್ನಲಾಗದು ಎಂದರು. ಟಿ.ವಿ.ಯಲ್ಲಿ "ಅನ್ಯಗ್ರಹ ಜೀವಿ ಪತ್ತೆ" ಎಂದು ಕೂಗಿದವರು ಈ ಎರಡನೆಯ ಸುದ್ದಿಗೆ ಬರಲಿಲ್ಲ. ನನಗಂತೂ ಈ ಜಗಳವೇ ಹೆಚ್ಚು ಭರವಸೆ ಕೊಡುತ್ತದೆ. ಸೋಡಿಯಂ ಅಲ್ಲ ಎಂದು ತಗಾದೆ ತೆಗೆದವರಿದ್ದದ್ದರಿಂದಲೇ ಹೀಲಿಯಂ ಸಿಕ್ಕಿತು.

ಕಾಕಾ ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. ತಂಬಾಕು ತಿಕ್ಕುವುದು ಮುಗಿದಿತ್ತು. ನೈರುತ್ಯಕ್ಕೆ ಕಲಬುರಗಿಯ ಬೆಳಕು ಬೂದಿ ಬಣ್ಣಕ್ಕೆ ಹರಡಿತ್ತು.

"ಅಲ್ಲಿ ಮಳಿ ಆಗ್ತದೇನ್ರಿ?" ಎಂದರು.

ಸಮುದ್ರವೇ ಇರಬಹುದು ಎನ್ನುವವರಿದ್ದಾರೆ, ನೆಲವೇ ಇಲ್ಲದ ಬಿಸಿ ಆವಿಯ ಮುದ್ದೆ ಎನ್ನುವವರೂ ಇದ್ದಾರೆ ಎಂದೆ. ಅವರು ಮತ್ತೇನೋ ಕೇಳಬೇಕೆನ್ನುವಷ್ಟರಲ್ಲಿ ಪಂಪಿನ ಕೋಣೆಯ ಬಲ್ಬು ಹತ್ತಿತು. "ಬಂತು, ಬಂತು" ಎನ್ನುತ್ತ ಎದ್ದು ಓಡಿದರು. ನನಗೆ ಉತ್ತರಿ ಕಾಣದಾಯಿತು. ಸ್ವಲ್ಪ ಹೊತ್ತಿಗೆ ಬಾಳೆಯ ಸಾಲಿನಲ್ಲಿ ನೀರು ಬಿದ್ದ ಸದ್ದು ಕೇಳಿಸಿತು.