ಗೇಜ್ ಕಡ್ಡಿಯ ತೂತಿನಿಂದಲೇ ಎಂಜಿನ್ ಆಯಿಲ್ ತೆಗೆಯಬಹುದು

ಬಯಲುಸೀಮೆಯ ಕೃಷಿ ಹೊಂಡಗಳ ಏರಿ ಮೇಲೆ ಡೀಸೆಲ್ ಎಂಜಿನ್ ಈಗ ಸಾಮಾನ್ಯ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನ ಇತ್ತು. ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟು ಬೆಳೆ ಉಳಿಸೋದು ಇದೇ ಎಂಜಿನ್. ಆದರೆ ಅದರ ಆಯಿಲ್ ಬದಲಿಸೋದನ್ನ ಮುಂದಕ್ಕೆ ಹಾಕ್ತಾನೇ ಇರ್ತೀವಿ. ಕೆಳಗಿನ ನಟ್ಟಿಗೆ ಸ್ಪ್ಯಾನರ್ ಸರಿಯಾಗಿ ಹೋಗಲ್ಲ. ಬಿಚ್ಚಿದರೆ ಕರಿ ಆಯಿಲ್ ಹರಿದು ಹೊಂಡಕ್ಕೇ ಇಳಿಯುತ್ತೆ.

ಇದಕ್ಕೆ ಆಯಿಲ್ ಹೀರುವ ಕೈಪಂಪು ಸಿಗುತ್ತೆ. ಅಂಗಡಿಯಲ್ಲಿ ವ್ಯಾಕ್ಯೂಮ್ ಎಕ್ಸ್‌ಟ್ರಾಕ್ಟರ್ ಅಂತಾರೆ. ಬಿಗಿಯಾಗಿ ಮುಚ್ಚಿದ ಡಬ್ಬ, ಮೇಲೆ ಸೈಕಲ್ ಪಂಪಿನಂಥ ಹಿಡಿ, ಒಂದು ಸಣ್ಣ ಪೈಪು, ಇಷ್ಟೇ. ಹಿಡಿ ಎಳೆದು ಒತ್ತಿದರೆ ಡಬ್ಬದ ಗಾಳಿ ಹೊರಗೆ ಹೋಗುತ್ತೆ. ಆಗ ಎಂಜಿನ್ ಒಳಗಿನ ಗಾಳಿಯ ಒತ್ತಡವೇ ಆಯಿಲನ್ನು ಪೈಪಿಗೆ ದೂಡುತ್ತೆ. ನಮ್ಮ ಪಂಪ್‌ಸೆಟ್ಟಿನ ಸಕ್ಷನ್ ಪೈಪಲ್ಲಿ ನೀರು ಏರೋದೂ ಹೀಗೇ. ಅಲ್ಲಿ ಗಾಳಿ ಎಳೆದರೆ ನೀರು ಬರಲ್ಲ. ಇಲ್ಲೂ ಜಾಯಿಂಟು ಸಡಿಲ ಇದ್ದರೆ ಆಯಿಲ್ ಬರಲ್ಲ.

ನಾನು ಮಾಡೋ ಕ್ರಮ ಹೀಗಿದೆ. ಮೊದಲು ಗೇಜ್ ಕಡ್ಡಿ ತೆಗೆದು ಆಯಿಲ್ ಎಷ್ಟಿದೆ ಅಂತ ನೋಡ್ಕೋತೀನಿ. ಆಮೇಲೆ ಐದಾರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸ್ತೀನಿ. ಬೆಚ್ಚಗಾದ ಆಯಿಲ್ ತೆಳುವಾಗಿ ಸಲೀಸಾಗಿ ಬರುತ್ತೆ. ಕುದಿಯೋ ಹಾಗಿದ್ದರೆ ಕೈ ಸುಡುತ್ತೆ, ಪೈಪೂ ಮೆತ್ತಗಾಗುತ್ತೆ. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯ ತೂತಿನಲ್ಲಿ ಪೈಪನ್ನು ತಳ ಮುಟ್ಟೋವರೆಗೆ ಇಳಿಸಿ ಪಂಪು ಹೊಡೀಬೇಕು. ಗೊರ ಗೊರ ಸದ್ದು ಬಂದರೆ ಪೈಪನ್ನು ಸ್ವಲ್ಪ ಆಚೆ ಈಚೆ ಸರಿಸಿ ನೋಡಬೇಕು.

ಮುಖ್ಯವಾದದ್ದು ಮುಂದಿದೆ. ಹೊರಬಂದದ್ದನ್ನು ಅಳೆಯದೆ ಹೊಸ ಆಯಿಲ್ ಹಾಕಬೇಡಿ. ಕಡ್ಡಿಯಲ್ಲಿ ಪೂರ್ತಿ ಗೆರೆವರೆಗೆ ಇತ್ತು, ಎಂಜಿನ್ ಪುಸ್ತಕದಲ್ಲಿ 2 ಲೀಟರ್ ಅಂತಿದೆ, ಡಬ್ಬಕ್ಕೆ ಬಂದದ್ದು ಒಂದೂವರೆ ಲೀಟರ್ ಅಂದ್ರೆ ಅರ್ಧ ಲೀಟರ್ ಒಳಗೇ ಉಳೀತು ಅಂತ ಲೆಕ್ಕ. ಅದರ ಮೇಲೆ ಮತ್ತೆ 2 ಲೀಟರ್ ಸುರಿದರೆ ಕ್ರ್ಯಾಂಕು ಆಯಿಲಿಗೆ ಬಡಿದು ನೊರೆ ಏಳುತ್ತೆ, ಹೊಗೆ ಬರುತ್ತೆ, ಸೀಲು ಸೋರುತ್ತೆ. ಸ್ವಲ್ಪ ಸ್ವಲ್ಪವೇ ಹಾಕಿ, ಕಡ್ಡಿ ನೋಡಿ ನಿಲ್ಲಿಸಿ.

ತಳದಲ್ಲಿ ಕೂತ ಗಸಿ, ಲೋಹದ ಪುಡಿ ಈ ಪಂಪಿಗೆ ಪೂರ್ತಿ ಬರೋದಿಲ್ಲ. ಅದಕ್ಕೆ ನಾನು ಮೂರು ಸಲ ಪಂಪಲ್ಲಿ ತೆಗೆದರೆ ನಾಲ್ಕನೇ ಸಲ ಕೆಳಗೆ ಅಗಲ ತಟ್ಟೆ ಇಟ್ಟು ನಟ್ಟನ್ನೇ ಬಿಚ್ತೀನಿ. ಫಿಲ್ಟರ್ ಇದ್ದರೆ ಅದನ್ನು ಬೇರೆಯಾಗಿ ನೋಡ್ಕೋಬೇಕು. ಈ ಪಂಪಲ್ಲಿ ಪೆಟ್ರೋಲ್ ಮಾತ್ರ ಎಳೀಬೇಡಿ, ಬೆಂಕಿ ಅಪಾಯ.

ಹಳೇ ಆಯಿಲನ್ನು ದನದ ಗಾಯಕ್ಕೆ ಹಚ್ಚೋ ರೂಢಿ ನಮ್ಮಲ್ಲಿದೆ. ಬೇಡ. ಅದರಲ್ಲಿ ಲೋಹದ ಪುಡಿ, ಸುಟ್ಟ ಕಸ ಸೇರಿರುತ್ತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬಳಸಿದ ಆಯಿಲೂ ಬರುತ್ತೆ. ಕ್ಯಾನಿಗೆ ತುಂಬಿಟ್ಟು, ಪರವಾನಗಿ ಇರೋರಿಗೆ ಹಳೇ ಆಯಿಲ್ ಕೊಡೋ ಗ್ಯಾರೇಜಿಗೆ ಮುಟ್ಟಿಸಿ.

ಒಬ್ಬೊಬ್ಬರೂ ಕೊಳ್ಳೋ ಸಾಮಾನು ಇದಲ್ಲ. ವರ್ಷಕ್ಕೆ ಕೆಲವೇ ಸಲ ಬೇಕಾಗೋದು. ಅಕ್ಕಪಕ್ಕದ ಹೊಲದ ನಾಲ್ಕೈದು ಜನ ಸೇರಿ ಒಂದು ತಂದರೆ ಸಾಕು.